ಚಂಚಲ ಮಕ್ಕಳೂ ನಿದ್ರೆಯ ಗಡಿಯಾರವೂ

ರಾತ್ರಿ ಒಂಬತ್ತು ಗಂಟೆ. ಊಟ ಮುಗಿದು ಹಾಸಿಗೆ ಹಾಸಿಯಾಗಿದೆ. ಎಂಟು ವರ್ಷದ ಹುಡುಗನನ್ನು ತಾಯಿ ಮಲಗಿಸಿ, ಹೊದಿಕೆ ಹೊದಿಸಿ, ದೀಪವಾರಿಸಿ ಹೊರಬಂದಿದ್ದಾಳೆ. ಐದು ನಿಮಿಷ ಕಳೆಯುವಷ್ಟರಲ್ಲಿ ಹುಡುಗ ನೀರು ಬೇಕೆಂದು ಎದ್ದು ಬರುತ್ತಾನೆ. ನೀರು ಕುಡಿದು ಹೋದವನು ಬಚ್ಚಲಿಗೆ ಹೋಗಬೇಕೆಂದು ಮರಳುತ್ತಾನೆ. ಮೂರನೆಯ ಸಲ, ನಾಳೆ ಶಾಲೆಗೆ ಒಯ್ಯಬೇಕಾದ ಬಣ್ಣದ ಪೆಟ್ಟಿಗೆ ನೆನಪಾಗುತ್ತದೆ. ಆಮೇಲೆ ಕಾಲಿನಿಂದ ಗೋಡೆಯನ್ನು ಬಡಿಯುವ ಸದ್ದು. ಕೆಣಕಿ ಎಬ್ಬಿಸಿದ ತಂಗಿಯ ಅಳು. ಹತ್ತು ಗಂಟೆಗೆ ತಂದೆಯ ಗದರಿಕೆ, ಹತ್ತೂವರೆಗೆ ಬೆನ್ನಿಗೊಂದು ಏಟು, ಹನ್ನೊಂದಕ್ಕೆ ಬಿಕ್ಕುತ್ತ ಬಿಕ್ಕುತ್ತಲೇ ನಿದ್ದೆ. ಬೆಳಗ್ಗೆ ಆರೂವರೆಗೆ ಅವನನ್ನು ಎಬ್ಬಿಸುವುದು ಇನ್ನೊಂದು ಕಾಳಗ. ತರಗತಿಯಲ್ಲಿ ಆ ದಿನ ಅವನ ಚಾಂಚಲ್ಯ ಎಂದಿಗಿಂತಲೂ ಹೆಚ್ಚು. ಉಪಾಧ್ಯಾಯರ ದೂರು ಮನೆಗೆ ಬರುತ್ತದೆ. ಮತ್ತೆ ರಾತ್ರಿ ಒಂಬತ್ತು ಗಂಟೆ.

ಇಂಥ ಹುಡುಗನನ್ನು ಹಠಮಾರಿಯೆಂದು ಕರೆಯುವುದು ಸುಲಭ. ತಾಯಿತಂದೆಯರ ಸಲುಗೆಯೇ ಕಾರಣವೆಂದು ನೆರೆಯವರು ಹೇಳುವುದು ಇನ್ನೂ ಸುಲಭ. ಆದರೆ ವಿಜ್ಞಾನದ ದೃಷ್ಟಿಯಿಂದ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ಒಂಬತ್ತು ಗಂಟೆಗೆ ನಿದ್ರಿಸುವುದು ಆ ಹುಡುಗನ ದೇಹಕ್ಕೆ ಸಾಧ್ಯವಿದ್ದಿತೆ?

ಎ.ಡಿ.ಎಚ್.ಡಿ. ಎಂಬ ಅಕ್ಷರಗಳಿಂದ ವೈದ್ಯರು ಗುರುತಿಸುವ ಸ್ಥಿತಿಯನ್ನು ನಮ್ಮ ಭಾಷೆಯಲ್ಲಿ ಅವಧಾನದ ಕೊರತೆ ಮತ್ತು ಅತಿಚಟುವಟಿಕೆ ಎನ್ನಬಹುದು. ಶಾಲಾವಯಸ್ಸಿನ ನೂರು ಮಕ್ಕಳಲ್ಲಿ ಸುಮಾರು ಐವರಲ್ಲಿ ಇದು ಕಂಡುಬರುತ್ತದೆ. ಒಂದು ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು, ಕುಳಿತಲ್ಲಿ ಕುಳಿತಿರಲಾರದೆ ಹೋಗುವುದು, ಯೋಚಿಸುವ ಮೊದಲೇ ಮಾಡಿಬಿಡುವುದು – ಇವು ಅದರ ಲಕ್ಷಣಗಳು. ಯಾವ ಮಗುವಿನಲ್ಲಿ ಇವು ಇಲ್ಲ ಎಂದು ನೀವು ಕೇಳಬಹುದು. ಹನ್ನೆರಡು ವರ್ಷಕ್ಕೆ ಮುಂಚೆಯೇ ತೋರಿ, ಆರು ತಿಂಗಳಿಗೂ ಹೆಚ್ಚು ಕಾಲ ನಿಂತು, ಮನೆಯಲ್ಲಿಯೂ ಶಾಲೆಯಲ್ಲಿಯೂ ಬಾಳಿಗೆ ತೊಡಕಾದಾಗ ಮಾತ್ರ ವೈದ್ಯರು ಈ ಹೆಸರನ್ನು ಬಳಸುತ್ತಾರೆ. ಸ್ಥಿತಿ ಹೊಸದಲ್ಲ. ಫ್ರಾಂಕ್‌ಫರ್ಟ್ ನಗರದ ವೈದ್ಯ ಹೈನ್ರಿಖ್ ಹಾಫ್‌ಮನ್ ೧೮೪೦ರ ದಶಕದಲ್ಲಿ ರಚಿಸಿದ ಮಕ್ಕಳ ಚಿತ್ರಪುಸ್ತಕದಲ್ಲಿ, ಊಟದ ಹೊತ್ತಿನಲ್ಲಿ ಕುರ್ಚಿಯನ್ನು ತೂಗಾಡಿಸಿ ಕೊನೆಗೆ ಮೇಜಿನ ಬಟ್ಟೆಯೊಡನೆ ಊಟವನ್ನೆಲ್ಲ ನೆಲಕ್ಕೆ ಕೆಡಹುವ ಫಿಲಿಪ್ ಎಂಬ ಹುಡುಗನಿದ್ದಾನೆ. ೧೯೦೨ರಲ್ಲಿ ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳನ್ನು ಕುರಿತು ಉಪನ್ಯಾಸಗಳನ್ನು ಕೊಟ್ಟನು. ಬುದ್ಧಿ ಚೆನ್ನಾಗಿದ್ದೂ ತಮ್ಮನ್ನು ತಾವು ತಡೆದುಕೊಳ್ಳಲಾರದ ಅವರಲ್ಲಿ ಅವನು ಕಂಡದ್ದು ನೈತಿಕ ನಿಯಂತ್ರಣದ ದೋಷ. ಆ ಮಾತು ವೈದ್ಯಶಾಸ್ತ್ರದಿಂದ ಮರೆಯಾಗಿ ಬಹುಕಾಲವಾಯಿತು. ಮನೆಗಳಿಂದ ಇನ್ನೂ ಮರೆಯಾಗಿಲ್ಲ.

ಇಂದು ನಾವು ಬಲ್ಲ ಸಂಗತಿಗಳು ಬೇರೆ ತೆರನಾದವು. ಈ ಸ್ಥಿತಿಯಲ್ಲಿ ಅನುವಂಶಿಕತೆಯ ಪಾಲು ಬಹಳ ದೊಡ್ಡದೆಂದು ಅವಳಿ ಮಕ್ಕಳ ಅಧ್ಯಯನಗಳು ತೋರಿಸಿವೆ. ೨೦೦೭ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಫಿಲಿಪ್ ಷಾ ಮತ್ತು ಸಂಗಡಿಗರು ನೂರಾರು ಮಕ್ಕಳ ಮೆದುಳಿನ ಚಿತ್ರಗಳನ್ನು ಹೋಲಿಸಿ ನೋಡಿದರು. ಮೆದುಳಿನ ಹೊರಪದರ ತನ್ನ ಗರಿಷ್ಠ ದಪ್ಪವನ್ನು ಮುಟ್ಟುವುದು ಸಾಮಾನ್ಯ ಮಕ್ಕಳಲ್ಲಿ ಸುಮಾರು ಏಳೂವರೆ ವರ್ಷಕ್ಕೆ. ಈ ಮಕ್ಕಳಲ್ಲಿ ಸುಮಾರು ಹತ್ತೂವರೆ ವರ್ಷಕ್ಕೆ. ಬೆಳವಣಿಗೆಯ ದಾರಿ ಒಂದೇ, ನಡಿಗೆ ಮಾತ್ರ ತಡ. ಈ ತಡ ಎದ್ದು ಕಾಣುವುದು ಹಣೆಯ ಹಿಂದಿನ ಭಾಗಗಳಲ್ಲಿ. 'ಈಗ ಆಟ ಸಾಕು' ಎಂದು ತನಗೆ ತಾನೇ ಹೇಳಿಕೊಳ್ಳುವ ಶಕ್ತಿಗೆ ಆಧಾರವಾದುವು ಅವೇ. ನಿದ್ರೆಗೆ ಜಾರುವುದೆಂದರೆ ಎಲ್ಲ ಕೆಲಸಗಳನ್ನೂ ಒಮ್ಮೆಗೇ ಕೈಬಿಡುವುದಷ್ಟೆ. ಕೈಬಿಡುವುದೇ ಕಷ್ಟವಾದ ಮಗುವಿಗೆ ದಿನದ ಅತ್ಯಂತ ಕಠಿಣ ಘಳಿಗೆ ಅದು. ಮೆಲ್ಬರ್ನ್ ನಗರದಲ್ಲಿ ೨೦೦೮ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಇಂಥ ಮಕ್ಕಳ ತಾಯಿತಂದೆಯರಲ್ಲಿ ನಾಲ್ವರಿಗೆ ಸುಮಾರು ಮೂವರು, ಮಗುವಿಗೆ ಒಂದಲ್ಲ ಒಂದು ಬಗೆಯ ನಿದ್ರೆಯ ತೊಂದರೆ ಇದೆಯೆಂದು ಹೇಳಿದರು.

ಆದರೆ ಮನಸ್ಸಿನ ಚಾಂಚಲ್ಯವೊಂದರಿಂದಲೇ ನಿದ್ದೆ ತಡವಾಗುತ್ತದೆಯೆಂದು ತಿಳಿಯುವುದು ಸರಿಯಲ್ಲ. ಇದನ್ನು ಅರಿಯಬೇಕಾದರೆ ನಿದ್ದೆ ಹೇಗೆ ಬರುತ್ತದೆಂಬುದನ್ನು ನೋಡಬೇಕು.

ನಿದ್ದೆಯನ್ನು ತರುವ ಶಕ್ತಿಗಳು ಎರಡು. ಮೊದಲನೆಯದು ಎಚ್ಚರದ ಹೊರೆ. ನಾವು ಎದ್ದ ಕ್ಷಣದಿಂದ ಮೆದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಮೆಲ್ಲಮೆಲ್ಲನೆ ಕೂಡುತ್ತ ಹೋಗುತ್ತದೆ; ಅದು ಕೂಡಿದಷ್ಟೂ ತೂಕಡಿಕೆ ಹೆಚ್ಚು. ನಿದ್ರಿಸಿದಾಗ ಅದು ಕರಗುತ್ತದೆ. ಎರಡನೆಯದು ದೇಹದೊಳಗಿನ ಗಡಿಯಾರ. ಇದರ ಕಥೆ ಸ್ವಾರಸ್ಯವಾದುದು.

ನಮ್ಮ ಹೊಲದ ಬದುಗಳಲ್ಲಿ ಬೆಳೆಯುವ ಮುಟ್ಟಿದರೆ ಮುನಿ ಗಿಡವನ್ನು ನೀವೆಲ್ಲರೂ ಕಂಡಿದ್ದೀರಿ. ಮುಟ್ಟದಿದ್ದರೂ ಸಂಜೆಗೆ ಅದರ ಎಲೆಗಳು ಮಡಿಚಿಕೊಳ್ಳುತ್ತವೆ, ಬೆಳಗಾದರೆ ಬಿಚ್ಚಿಕೊಳ್ಳುತ್ತವೆ. ೧೭೨೯ರಲ್ಲಿ ಫ್ರಾನ್ಸಿನ ಖಗೋಳಜ್ಞ ಡಿ ಮೆರಾನ್ ಇಂಥದೇ ಒಂದು ಗಿಡವನ್ನು ಕತ್ತಲೆಯಲ್ಲಿ ಇರಿಸಿ ನೋಡಿದನು. ಬಿಸಿಲಿನ ಸುಳಿವೇ ಇಲ್ಲದಿದ್ದರೂ ಎಲೆಗಳು ಹಗಲಿನ ಹೊತ್ತಿಗೆ ಬಿಚ್ಚಿ ರಾತ್ರಿಯ ಹೊತ್ತಿಗೆ ಮಡಿಚಿದುವು! ಹೊತ್ತಿನ ಎಣಿಕೆ ಗಿಡದ ಒಳಗೇ ಇದೆ ಎಂದಾಯಿತು. ಮನುಷ್ಯರಲ್ಲಿ ಈ ಗಡಿಯಾರದ ನೆಲೆ ಮೆದುಳಿನ ತಳದಲ್ಲಿ, ಎರಡು ಕಣ್ಣುಗಳ ನರಗಳು ಒಂದನ್ನೊಂದು ಹಾಯುವೆಡೆಗೆ ಸ್ವಲ್ಪ ಮೇಲೆ, ಸಾವಿರಗಟ್ಟಲೆ ನರಕೋಶಗಳ ಎರಡು ಪುಟ್ಟ ಗುಂಪುಗಳಲ್ಲಿದೆ. ಅದರ ಯಂತ್ರರಚನೆಯನ್ನು ನೊಣಗಳಲ್ಲಿ ಬಿಡಿಸಿ ತೋರಿಸಿದ ಹಾಲ್, ರಾಸ್‌ಬ್ಯಾಷ್ ಮತ್ತು ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ ೨೦೧೭ರಲ್ಲಿ ನೊಬೆಲ್ ಬಹುಮಾನ ದೊರೆಯಿತು.

ಸಂಜೆಗತ್ತಲಾದಾಗ ಈ ಗಡಿಯಾರದ ಅಪ್ಪಣೆಯಂತೆ ಪೀನಿಯಲ್ ಗ್ರಂಥಿ ಮೆಲಟೋನಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡಲಾರಂಭಿಸುತ್ತದೆ. ಇದನ್ನು ೧೯೫೮ರಲ್ಲಿ ಬೇರ್ಪಡಿಸಿದವನು ಯೇಲ್ ವಿಶ್ವವಿದ್ಯಾನಿಲಯದ ಆರನ್ ಲರ್ನರ್. ಅವನು ಚರ್ಮರೋಗಗಳ ವೈದ್ಯ. ಕಪ್ಪೆಯ ಚರ್ಮವನ್ನು ಬಿಳಿಚಿಸುವ ವಸ್ತುವನ್ನು ದನಗಳ ಪೀನಿಯಲ್ ಗ್ರಂಥಿಗಳಲ್ಲಿ ಅರಸುತ್ತ ಹೋದವನ ಕೈಗೆ ರಾತ್ರಿಯ ಹಾರ್ಮೋನು ಸಿಕ್ಕಿತು. ಮೆಲಟೋನಿನ್ ಮಂಪರು ಬರಿಸುವ ಮದ್ದಿನಂತಲ್ಲ. 'ರಾತ್ರಿಯಾಯಿತು' ಎಂದು ದೇಹದ ಮೂಲೆಮೂಲೆಗೂ ಡಂಗುರ ಸಾರುವುದಷ್ಟೇ ಅದರ ಕೆಲಸ.

ಈಗ ನಮ್ಮ ಹುಡುಗನ ಬಳಿಗೆ ಮರಳೋಣ. ೨೦೦೫ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ಆರರಿಂದ ಹನ್ನೆರಡು ವರ್ಷದ, ಔಷಧ ಸೇವಿಸದ ಎ.ಡಿ.ಎಚ್.ಡಿ. ಮಕ್ಕಳ ಜೊಲ್ಲನ್ನು ಸಂಜೆಯ ಮಂದ ಬೆಳಕಿನಲ್ಲಿ ಹೊತ್ತುಹೊತ್ತಿಗೆ ತೆಗೆದು ಪರೀಕ್ಷಿಸಿದರು. ಸುಲಭವಾಗಿ ನಿದ್ದೆಹೋಗುವ ಮಕ್ಕಳಲ್ಲಿ ಮೆಲಟೋನಿನ್ ಏರತೊಡಗಿದುದು ಸರಾಸರಿ ರಾತ್ರಿ ೭ ಗಂಟೆ ೪೭ ನಿಮಿಷಕ್ಕೆ. ನಿದ್ದೆ ಬಾರದೆ ಹೊರಳುವ ಮಕ್ಕಳಲ್ಲಿ ೮ ಗಂಟೆ ೩೨ ನಿಮಿಷಕ್ಕೆ. ಮುಕ್ಕಾಲು ಗಂಟೆಯ ಅಂತರ! ಇದು ಸರಾಸರಿ, ಕೆಲವರಲ್ಲಿ ತಡ ಇನ್ನೂ ಹೆಚ್ಚು, ಕೆಲವರಲ್ಲಿ ಇಲ್ಲವೇ ಇಲ್ಲ. ಆದರೂ ಹೊರಳಾಡುವ ಅನೇಕ ಮಕ್ಕಳ ಒಳಗಿನ ರಾತ್ರಿ ಗೋಡೆಗಡಿಯಾರದ ರಾತ್ರಿಗಿಂತ ತಡವಾಗಿ ಬರುತ್ತದೆಂಬುದು ಸ್ಪಷ್ಟವಾಯಿತು.

ಇದಕ್ಕೆ ಇನ್ನೊಂದು ವಿಚಿತ್ರ ಸೇರಿಕೊಳ್ಳುತ್ತದೆ. ಸಹಜವಾಗಿ ನಿದ್ದೆ ಬರುವ ಹೊತ್ತಿಗೆ ಮುಂಚಿನ ಒಂದೆರಡು ಗಂಟೆಗಳು ನಿದ್ರೆಗೆ ಅತ್ಯಂತ ಪ್ರತಿಕೂಲವಾದ ಸಮಯವೆಂದು ಇಸ್ರೇಲಿನ ಪೆರೆಟ್ಸ್ ಲಾವಿ ೧೯೮೬ರಲ್ಲಿ ತೋರಿಸಿ, ಅದನ್ನು ನಿದ್ರೆಯ ನಿಷಿದ್ಧ ವಲಯವೆಂದು ಕರೆದನು. ಹಗಲೆಲ್ಲ ಕೂಡಿದ ಹೊರೆಯನ್ನು ಎದುರಿಸಿ ಗಡಿಯಾರವು ಎಚ್ಚರವನ್ನು ಅತಿ ಬಲವಾಗಿ ಎತ್ತಿಹಿಡಿಯುವುದು ಆಗಲೇ. ಹುಡುಗನಿಗೆ ಹತ್ತೂವರೆಗೆ ನಿದ್ದೆ ಬರುವುದಾದರೆ, ಒಂಬತ್ತಕ್ಕೆ ಅವನನ್ನು ಮಲಗಿಸುವುದೆಂದರೆ ಆ ವಲಯದ ನಡುವೆ ಮಲಗಿಸಿದಂತೆ. ಆಗ ಅವನು ಎದ್ದೆದ್ದು ಬರುವುದನ್ನು ಹಠವೆನ್ನುವುದು ಹೇಗೆ?

ಈ ಕಾರಣದಿಂದಲೇ ಚಿಕಿತ್ಸಕರು ಹೇಳುವ ಮೊದಲ ಉಪಾಯ ಕೇಳುವವರಿಗೆ ತಲೆಕೆಳಗಾಗಿ ತೋರುತ್ತದೆ: ಮಗು ಬೇಗ ಮಲಗಬೇಕಾದರೆ ಮೊದಲು ಅದನ್ನು ತಡವಾಗಿ ಮಲಗಿಸಿರಿ. ಒಂದು ವಾರ ಮಗುವಿಗೆ ನಿಜವಾಗಿ ನಿದ್ದೆ ಹತ್ತುವ ಹೊತ್ತನ್ನು ಗುರುತುಹಾಕಿಕೊಳ್ಳಬೇಕು. ಅದು ಹತ್ತೂವರೆಯೆಂದಿರಲಿ. ಹಾಗಾದರೆ ಹಾಸಿಗೆಗೆ ಹೋಗುವುದೂ ಹತ್ತೂವರೆಗೇ. ಅದಕ್ಕೆ ಮುಂಚೆ ಮಂದ ಬೆಳಕಿನಲ್ಲಿ ಶಾಂತವಾದ ಆಟಪಾಠ. ಏಳುವ ಹೊತ್ತು ಮಾತ್ರ ಆರೂವರೆಯೆಂದರೆ ಆರೂವರೆ, ಭಾನುವಾರವೂ ಸಹ. ಮೂರುನಾಲ್ಕು ರಾತ್ರಿ ಮಲಗಿದ ಕಾಲು ಗಂಟೆಯೊಳಗೆ ನಿದ್ದೆ ಬಂದರೆ ಹೊತ್ತನ್ನು ಹದಿನೈದು ನಿಮಿಷ ಹಿಂದಕ್ಕೆ ಸರಿಸಬೇಕು. ಅಲ್ಲಿಯೂ ನಿದ್ದೆ ಕೂಡಿಬಂದರೆ ಮತ್ತೆ ಹದಿನೈದು ನಿಮಿಷ. ಹತ್ತೂವರೆಯಿಂದ ಒಂಬತ್ತಕ್ಕೆ ಬರಲು ಆರು ಮೆಟ್ಟಿಲುಗಳು. ಎಲ್ಲವೂ ನೆಟ್ಟಗೆ ನಡೆದರೆ ಮೂರು ವಾರಗಳ ಕೆಲಸ, ನಡುವೆ ಹಬ್ಬವೋ ಮದುವೆಯೋ ಬಂದರೆ ಇನ್ನೂ ಹೆಚ್ಚು. ಆರರಿಂದ ಹನ್ನೆರಡು ವರ್ಷದವರಿಗೆ ಒಂಬತ್ತರಿಂದ ಹನ್ನೆರಡು ಗಂಟೆಗಳ ನಿದ್ದೆ ಬೇಕು. ಮೊದಲ ದಿನಗಳಲ್ಲಿ ಅಷ್ಟು ಸಿಕ್ಕುವುದಿಲ್ಲವೆಂಬುದು ನಿಜ. ಆದರೆ ಅದು ಮುಂಚೆಯೂ ಸಿಕ್ಕುತ್ತಿರಲಿಲ್ಲ. ಹೋಗುವುದು ಹಾಸಿಗೆಯ ಮೇಲಿನ ಒಂದೂವರೆ ಗಂಟೆಯ ಕಾಳಗ ಮಾತ್ರ. ಹಾಸಿಗೆಯೆಂದರೆ ಬೈಗುಳ ಎಂದು ಮನಸ್ಸಿನಲ್ಲಿ ಬೆಸೆದುಕೊಂಡಿದ್ದ ಗಂಟು, ಹಾಸಿಗೆಯೆಂದರೆ ನಿದ್ದೆ ಎಂದು ಮರಳಿ ಬೀಳುತ್ತದೆ. ಈ ಲಾಭವೇ ದೊಡ್ಡದೆಂದು ನನ್ನ ಎಣಿಕೆ.

ಹೊತ್ತನ್ನು ಹೀಗೆ ಹಿಂದಕ್ಕೆ ಸರಿಸುವಾಗ ನಮಗೆ ನೆರವಾಗುವ ಸಾಧನವೆಂದರೆ ಬೆಳಕು. ಗಡಿಯಾರದ ಮುಳ್ಳನ್ನು ತಿರುಗಿಸುವ ಕೀಲಿ ಅದೇ. ಮುಂಜಾನೆಯ ಬೆಳಕು ಗಡಿಯಾರವನ್ನು ಮುಂದೋಡಿಸಿ ಆ ದಿನದ ನಿದ್ದೆಯನ್ನು ಬೇಗ ತರುತ್ತದೆ. ರಾತ್ರಿಯ ಬೆಳಕು ಅದನ್ನು ಹಿಂದೆಳೆದು ನಿದ್ದೆಯನ್ನು ತಡಮಾಡುತ್ತದೆ. ಮನುಷ್ಯರಲ್ಲಿ ಬೆಳಕು ಮೆಲಟೋನಿನ್ನನ್ನು ಅಡಗಿಸಬಲ್ಲದೆಂದು ಆಲ್‌ಫ್ರೆಡ್ ಲೂಯಿ ಮತ್ತು ಸಂಗಡಿಗರು ೧೯೮೦ರಲ್ಲಿ ತೋರಿಸಿದಾಗ ಅವರು ಬಳಸಿದ್ದು ೨೫೦೦ ಲಕ್ಸ್‌ನ ಪ್ರಖರ ದೀಪಗಳನ್ನು. ಮನೆಯ ದೀಪಗಳಿಂದ ಭಯವಿಲ್ಲವೆಂದು ಆಗ ತೋರಿತು. ಅದು ತಪ್ಪೆಂದು ಮುಂದೆ ತಿಳಿಯಿತು. ದೊಡ್ಡವರಲ್ಲಿಯೂ ನೂರು ಲಕ್ಸ್‌ನಷ್ಟು ಕೋಣೆಯ ಬೆಳಕು ಸಾಕಷ್ಟು ಕೆಲಸ ಮಾಡುತ್ತದೆ. ಮಕ್ಕಳ ಕಣ್ಣಿನ ಮಸೂರ ನಮ್ಮದಕ್ಕಿಂತ ತಿಳಿ, ಪಾಪೆ ನಮ್ಮದಕ್ಕಿಂತ ಅಗಲ. ೨೦೧೮ರಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಮೂರರಿಂದ ಐದು ವರ್ಷದ ಹತ್ತು ಮಕ್ಕಳನ್ನು ಮಲಗುವ ಮುನ್ನ ಒಂದು ಗಂಟೆ ಸುಮಾರು ಸಾವಿರ ಲಕ್ಸ್ ಬೆಳಕಿನಲ್ಲಿ ಆಡಗೊಡಲಾಯಿತು; ಅವರ ಮೆಲಟೋನಿನ್ ಶೇಕಡ ೮೮ರಷ್ಟು ಕುಸಿಯಿತು, ಬೆಳಕನ್ನು ತೆಗೆದ ಐವತ್ತು ನಿಮಿಷಗಳ ಮೇಲೆಯೂ ಅದು ಚೇತರಿಸಿಕೊಂಡಿರಲಿಲ್ಲ.

ನಮ್ಮ ಮನೆಗಳಲ್ಲಿ ನಡೆಯುವುದೇನು? ನಡುಮನೆಯಲ್ಲಿ ಒಂದು ಕೊಳವೆದೀಪ, ಅದರಡಿಯಲ್ಲಿ ಟೆಲಿವಿಷನ್, ಅದರೆದುರೇ ಮಕ್ಕಳ ಹಾಸಿಗೆ. ಪ್ರತ್ಯೇಕ ಕೋಣೆ ಎಲ್ಲರಿಗೂ ಇರುವುದಿಲ್ಲ, ಇರಬೇಕೆಂದೂ ಇಲ್ಲ. ಮಲಗುವ ಒಂದು ಗಂಟೆ ಮುಂಚೆ ಕೊಳವೆದೀಪವನ್ನು ಆರಿಸಿ ಮೂಲೆಯಲ್ಲಿ ಒಂದು ಸಣ್ಣ ಹಳದಿ ದೀಪವನ್ನಿಟ್ಟುಕೊಂಡರೆ ಬಹುಪಾಲು ಕೆಲಸವಾಯಿತು. ಮೊಬೈಲ್ ಫೋನಿನ ನೀಲಿ ಬೆಳಕಿನ ವಿಷಯದಲ್ಲಿ ಇಂದು ಬಹಳ ಗದ್ದಲವಿದೆ. ನನಗೆ ತೋರುವಂತೆ ಆ ಬೆಳಕಿಗಿಂತ ಅದರೊಳಗಿನ ಆಟವೇ ಹೆಚ್ಚು ಅಪಾಯಕಾರಿ. ಕೈಬಿಡಲಾರದ ಮಗುವಿಗೆ ಕೈಬಿಡಗೊಡದಂತೆಯೇ ರಚಿಸಿದ ಆಟವನ್ನು ರಾತ್ರಿ ಒಂಬತ್ತಕ್ಕೆ ಕೊಡುವುದು ವಿವೇಕವಲ್ಲ. ಇನ್ನು ಬೆಳಗಿನ ಬೆಳಕಿಗೆ ಖರ್ಚೇ ಇಲ್ಲ. ಮೋಡ ಮುಸುಕಿದ ಮಳೆಗಾಲದ ಬೆಳಗಿನಲ್ಲಿಯೂ ಅಂಗಳದಲ್ಲಿ ಸಾವಿರಾರು ಲಕ್ಸ್ ಬೆಳಕಿರುತ್ತದೆ. ದೀಪ ಹಚ್ಚಿದ ಕೋಣೆಯಲ್ಲಿ ಇರುವುದು ನೂರೋ ಇನ್ನೂರೋ. ಎದ್ದೊಡನೆ ಹುಡುಗನನ್ನು ಹಾಲು ತರಲು ಕಳುಹಿಸಿದರೂ ಸಾಕು.

ಕೊನೆಯ ಆ ಒಂದು ಗಂಟೆಯನ್ನು ಹೇಗೆ ಕಳೆಯಬೇಕೆಂಬುದು ಮುಖ್ಯ. ದಿನವೂ ಅದೇ ಕೆಲಸಗಳು ಅದೇ ಕ್ರಮದಲ್ಲಿ ನಡೆಯಬೇಕು: ಚೀಲ ಜೋಡಿಸುವುದು, ಸ್ನಾನ ಅಥವಾ ಕೈಕಾಲು ತೊಳೆಯುವುದು, ಹಲ್ಲುಜ್ಜುವುದು, ಕಥೆ, ದೀಪ. ಬಣ್ಣದ ಪೆಟ್ಟಿಗೆ ಹಾಸಿಗೆಯಲ್ಲಿ ನೆನಪಾಗಬಾರದೆಂದರೆ ಚೀಲವೇ ಮೊದಲು ಬರಬೇಕು. ಈ ಮಕ್ಕಳು ಒಂದೇ ಉಸಿರಿನಲ್ಲಿ ಹೇಳಿದ ನಾಲ್ಕು ಅಪ್ಪಣೆಗಳಲ್ಲಿ ಮೊದಲನೆಯದನ್ನೋ ಕೊನೆಯದನ್ನೋ ಹಿಡಿದುಕೊಳ್ಳುತ್ತಾರೆ, ಉಳಿದುವು ಜಾರಿಹೋಗುತ್ತವೆ. ಅಡುಗೆಮನೆಯಿಂದ ಕೂಗುವ ಬದಲು ಹತ್ತಿರ ಹೋಗಿ, ಒಂದು ಸಲಕ್ಕೆ ಒಂದೇ ಮಾತು ಹೇಳಬೇಕು. ಕೆಲಸಗಳ ಚಿತ್ರಗಳನ್ನು ಬರೆದು ಗೋಡೆಗೆ ಅಂಟಿಸಿದರೆ ಹೇಳುವ ಕೆಲಸವನ್ನು ಗೋಡೆಯೇ ಮಾಡುತ್ತದೆ. 'ಇನ್ನು ಹತ್ತು ನಿಮಿಷ' ಎಂಬ ಮಾತು ಹೊತ್ತಿನ ಅಂದಾಜಿಲ್ಲದ ಮಗುವಿಗೆ ಅರ್ಥವಾಗದು; ಮರಳು ಇಳಿಯುವ ಗಾಜಿನ ಗಡಿಯಾರ ಅರ್ಥವಾಗುತ್ತದೆ. ಕಥೆ ಹೊಸದಾಗಿರಬೇಕಾದ ಅಗತ್ಯವಿಲ್ಲ. ಮುಂದೇನಾಗುವುದೆಂದು ಗೊತ್ತಿರುವ, ನೂರು ಸಲ ಕೇಳಿದ ಅಜ್ಜಿಯ ಕಥೆಯೇ ಮೇಲು. ಕುತೂಹಲ ಎಚ್ಚರದ ಗೆಳೆಯ.

ಸ್ನಾನದ ವಿಷಯದಲ್ಲಿ ಒಂದು ಮಾತು. ಬಿಸಿನೀರಿನ ಸ್ನಾನದಿಂದ ಮೈ ಬಿಸಿಯಾಗಿ ನಿದ್ದೆ ಬರುತ್ತದೆಂದು ಜನ ತಿಳಿಯುತ್ತಾರೆ. ನಡೆಯುವುದು ಇದಕ್ಕೆ ವಿರುದ್ಧ. ನಿದ್ದೆ ಹತ್ತುವ ಮುನ್ನ ದೇಹದ ಒಳಗಿನ ಉಷ್ಣತೆ ಇಳಿಯಬೇಕು. ಆ ಉಷ್ಣ ಹೊರಹೋಗುವ ದಾರಿ ಅಂಗೈ ಅಂಗಾಲುಗಳ ಚರ್ಮ. ಬಿಸಿನೀರು ಅಲ್ಲಿನ ರಕ್ತನಾಳಗಳನ್ನು ಅರಳಿಸಿ ಒಳಗಿನ ಬಿಸಿಯನ್ನು ಹೊರಕ್ಕೆ ಹರಿಯಬಿಡುತ್ತದೆ. ಆದುದರಿಂದ ಸ್ನಾನವು ಮಲಗುವುದಕ್ಕೆ ಒಂದೆರಡು ಗಂಟೆ ಮುಂಚೆ ಆಗಬೇಕು. ದೊಡ್ಡವರ ಮೇಲಿನ ಪರೀಕ್ಷೆಗಳಲ್ಲಿ ಇದರಿಂದ ನಿದ್ದೆ ಸುಮಾರು ಹತ್ತು ನಿಮಿಷ ಬೇಗ ಬಂದಿದೆ. ಪವಾಡವೇನಲ್ಲ, ಆದರೆ ಹತ್ತು ನಿಮಿಷವೂ ಹತ್ತು ನಿಮಿಷವೇ.

ಇಷ್ಟಾದರೂ ಹುಡುಗ ಎದ್ದು ಬಂದರೆ? ಅಮೆರಿಕದ ಮನಶ್ಶಾಸ್ತ್ರಜ್ಞ ಪ್ಯಾಟ್ರಿಕ್ ಫ್ರೀಮನ್ ಮತ್ತು ಸಂಗಡಿಗರು ೧೯೯೯ರಲ್ಲಿ ಒಂದು ಸರಳ ಉಪಾಯವನ್ನು ಪ್ರಕಟಿಸಿದರು. ಮಲಗುವಾಗ ಮಗುವಿನ ಕೈಗೆ ಒಂದು ಚೀಟಿ ಕೊಡುವುದು. ರಾತ್ರಿ ಒಂದು ಸಲ ಎದ್ದು ಬಂದು, ನೀರೋ ಅಪ್ಪುಗೆಯೋ ಬೇಕಾದುದನ್ನು ಕೇಳಿ ಪಡೆಯಲು ಅದೇ ರಹದಾರಿ. ಬಂದರೆ ಚೀಟಿಯನ್ನು ಒಪ್ಪಿಸಬೇಕು. ಆಮೇಲೆ ಬೆಳಗಿನವರೆಗೆ ಬರುವಂತಿಲ್ಲ. ಚೀಟಿಯನ್ನು ಬಳಸದೆ ಉಳಿಸಿಕೊಂಡರೆ ಬೆಳಗ್ಗೆ ಒಂದು ಸಣ್ಣ ಬಹುಮಾನ ಕೊಡುವ ರೂಢಿಯೂ ಮುಂದೆ ಬೆಳೆಯಿತು. ಬೇಕಾದರೆ ಏಳಬಹುದು ಎಂಬ ಹಕ್ಕು ಕೈಯಲ್ಲಿದ್ದರೆ ಏಳುವ ಅಗತ್ಯವೇ ಕಡಮೆಯಾಗುತ್ತದೆ. ಚೀಟಿ ಮುಗಿದ ಮೇಲೆಯೂ ಬಂದವನನ್ನು ಮಾತಿಲ್ಲದೆ, ಕೋಪವಿಲ್ಲದೆ ಕೈಹಿಡಿದು ಮರಳಿ ಮಲಗಿಸುವುದೇ ಸರಿ. ಗದರಿಕೆಯಿಂದ ಹೃದಯದ ಬಡಿತ ಏರುತ್ತದೆ, ಮೈ ಬಿಗಿಯುತ್ತದೆ. ನಿದ್ದೆಯ ದಾರಿಗೆ ನಾವೇ ಬೇಲಿ ಹಾಕಿದಂತಾಗುತ್ತದೆ.

ಕೆಲವು ತೊಂದರೆಗಳಿಗೆ ಗಡಿಯಾರ ಕಾರಣವಲ್ಲ, ಅವನ್ನೂ ತಿಳಿದಿರಬೇಕು. ಕಾಫಿ ಮತ್ತು ಚಹಾಗಳಲ್ಲಿರುವ ಕೆಫೀನು ಅಡಿನೋಸಿನ್ ಕೂರಬೇಕಾದ ಪೀಠದಲ್ಲಿ ತಾನು ಕುಳಿತು ತೂಕಡಿಕೆಯನ್ನು ತಡೆಯುತ್ತದೆ. ಶಾಲೆಯಿಂದ ಬಂದ ಮಗುವಿಗೆ ಲೋಟದ ತುಂಬ ಕಾಫಿ ಕೊಟ್ಟು ರಾತ್ರಿ ನಿದ್ದೆಯನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಗೊರಕೆ ಹೊಡೆಯುವ, ಬಾಯಿ ತೆರೆದು ಮಲಗುವ ಮಗುವಿಗೆ ಗಂಟಲಿನ ಗ್ರಂಥಿಗಳು ಊದಿ ಉಸಿರು ಕಟ್ಟುತ್ತಿರಬಹುದು; ಹರಿದ ನಿದ್ದೆಯಿಂದ ದೊಡ್ಡವರು ಮಂಕಾದರೆ ಮಕ್ಕಳು ಮತ್ತಷ್ಟು ಚಂಚಲರಾಗುತ್ತಾರೆ, ಎ.ಡಿ.ಎಚ್.ಡಿ. ಎಂದು ಭ್ರಮೆ ಹುಟ್ಟಿಸುವಷ್ಟು. ಮಲಗಿದೊಡನೆ ಕಾಲಿನಲ್ಲಿ ಏನೋ ಹರಿದಾಡಿದಂತಾಗುತ್ತದೆನ್ನುವ ಮಗುವಿನ ರಕ್ತದಲ್ಲಿ ಕಬ್ಬಿಣದ ಸಂಗ್ರಹ ಕಡಮೆಯಿರಬಹುದು. ಮೀಥೈಲ್‌ಫೆನಿಡೇಟ್ ಮುಂತಾದ ಔಷಧಗಳನ್ನು ಸೇವಿಸುವವರಲ್ಲಿ ಔಷಧದಿಂದಲೂ, ಅದರ ಪ್ರಭಾವ ಇಳಿಯುವಾಗಿನ ಕಿರಿಕಿರಿಯಿಂದಲೂ ನಿದ್ದೆ ಕೆಡುವುದುಂಟು. ಆಗ ಗುಳಿಗೆಯನ್ನು ತಾವೇ ನಿಲ್ಲಿಸದೆ, ಹೊತ್ತನ್ನೋ ಪ್ರಮಾಣವನ್ನೋ ಬದಲಿಸಲು ವೈದ್ಯರನ್ನು ಕೇಳಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳಿಗಾಗಿಯೇ ಒಂದು ಮನೋವೈದ್ಯಕೀಯ ವಿಭಾಗವಿದೆ.

ಮೆಲಟೋನಿನ್ ಮಾತ್ರೆಯನ್ನೇ ಕೊಟ್ಟುಬಿಟ್ಟರಾಗದೆ ಎಂದು ಕೇಳುವವರುಂಟು. ನೆದರ್ಲೆಂಡ್ಸಿನಲ್ಲಿಯೇ ೨೦೦೭ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ನಾಲ್ಕು ವಾರ ಅದನ್ನು ಸೇವಿಸಿದ ಮಕ್ಕಳಿಗೆ ನಿದ್ದೆ ಸುಮಾರು ಅರ್ಧ ಗಂಟೆ ಬೇಗ ಬಂದಿತು. ಹಗಲಿನ ನಡತೆಯಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಆದುದರಿಂದ ಅದು ಉಪಯುಕ್ತವೇ ಹೌದು, ಆದರೆ ವೈದ್ಯರ ಕೈಯಿಂದ ಬರಬೇಕು. ೨೦೧೭ರಲ್ಲಿ ಕೆನಡಾದಲ್ಲಿ ಅಂಗಡಿಯಿಂದ ತಂದ ೩೧ ಬಗೆಯ ಮಾತ್ರೆ ಮತ್ತು ದ್ರವಗಳನ್ನು ಪರೀಕ್ಷಿಸಿದಾಗ, ಕೆಲವುಗಳಲ್ಲಿ ಚೀಟಿಯ ಮೇಲೆ ಬರೆದುದಕ್ಕಿಂತ ಬಹಳ ಕಡಮೆ, ಒಂದರಲ್ಲಿ ಹಲವು ಪಟ್ಟು ಹೆಚ್ಚು ಮೆಲಟೋನಿನ್ ಇದ್ದಿತು.

ಮದ್ದಿಲ್ಲದೆ, ಮೇಲೆ ಹೇಳಿದಂಥ ಉಪಾಯಗಳಿಂದಲೇ ಏನು ಸಾಧ್ಯವೆಂಬುದನ್ನು ಮೆಲ್ಬರ್ನಿನ ಹ್ಯಾರಿಯೆಟ್ ಹಿಸ್ಕಾಕ್ ಮತ್ತು ಸಂಗಡಿಗರು ೨೪೪ ಮಕ್ಕಳಲ್ಲಿ ಪರೀಕ್ಷಿಸಿ ೨೦೧೫ರಲ್ಲಿ ಪ್ರಕಟಿಸಿದರು. ಅರ್ಧದಷ್ಟು ಮನೆಗಳಿಗೆ ದೊರೆತ ನೆರವು ಎರಡು ಭೇಟಿ, ಒಂದು ದೂರವಾಣಿ ಕರೆ, ಅಷ್ಟೆ. ಮೂರು ತಿಂಗಳ ಅನಂತರ ನಿದ್ರೆಯ ಮಧ್ಯಮ ಅಥವಾ ತೀವ್ರ ತೊಂದರೆ ಉಳಿದವರು ಅವರಲ್ಲಿ ಶೇಕಡ ೩೦, ನೆರವು ದೊರೆಯದವರಲ್ಲಿ ಶೇಕಡ ೫೬. ಆರು ತಿಂಗಳಿಗೆ ಅಂತರ ಕಿರಿದಾಯಿತು: ೩೪ ಮತ್ತು ೪೬. ಆದರೂ ಹಗಲಿನ ಚಾಂಚಲ್ಯ ತುಸು ತಗ್ಗಿತು. ನೆನಪಿನ ಪರೀಕ್ಷೆಯಲ್ಲಿಯೂ ನೆರವು ಪಡೆದ ಮಕ್ಕಳು ಮುಂದಿದ್ದರು.

ಈ ಪತ್ರಿಕೆಯನ್ನು ಓದುವ ನಿಮ್ಮಲ್ಲಿ ಹಲವರ ಮನೆಯಲ್ಲಿ ಇಂಥ ತಮ್ಮನೋ ತಂಗಿಯೋ ಇರಬಹುದು. ನೀವು ಪರೀಕ್ಷೆಗೆ ಓದುವುದೂ ಅವರು ಮಲಗುವುದೂ ಒಂದೇ ಕೋಣೆಯಾಗಿರಬಹುದು. ಹದಿಹರೆಯದಲ್ಲಿ ನಿಮ್ಮ ಗಡಿಯಾರವೂ ಒಂದೆರಡು ಗಂಟೆ ಹಿಂದೆ ಸರಿದಿರುವುದರಿಂದ ಹತ್ತು ಗಂಟೆ ನಿಮಗೆ ಇನ್ನೂ ಸಂಜೆಯಂತೆಯೇ ತೋರುತ್ತದೆ. ಮೇಲಿನ ಕೊಳವೆದೀಪವನ್ನು ಆರಿಸಿ, ಮುಸುಕಿರುವ ಒಂದು ಮೇಜುದೀಪವನ್ನು ಅವರ ಹಾಸಿಗೆಗೆ ಬೆನ್ನಾಗಿ ಇಟ್ಟುಕೊಳ್ಳಿ. ಪುಸ್ತಕದ ಮೇಲೆ ಬೀಳುವ ಬೆಳಕು ನಿಮಗೆ ಸಾಕು. ಅವನ ಕಣ್ಣಿಗೆ ಬೀಳುವುದು ಗೋಡೆಯ ನೆರಳು ಮಾತ್ರ.